ನನ್ನ ಮರಕ್ಕೆ ನಾಲ್ಕು ಮದುವೆ

ನಾನು ಕಡಲಿನ ಕಸ ಬಳಿಯುವವಳು. ನಗಬೇಡಿ. ಕಡಲಿಗೂ ಕಸ ಬಳಿಯುವವರು ಬೇಕು, ಅದರಲ್ಲೂ ಅದು ಹೋಟೆಲಿನವರ ಕಡಲಾದರೆ.

ರಾತ್ರಿಯಿಡೀ ಅಲೆಗಳು ಪಾಚಿ ತಂದು ಸುರಿಯುತ್ತವೆ. ಕಂದು ಪಾಚಿ, ಸೊಂಟದೆತ್ತರಕ್ಕೆ. ಒಂದು ದಿನ ಬಿಟ್ಟರೆ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ. ಅತಿಥಿಗಳು ಏಳುವ ಮೊದಲು ನಾವೊಂದಷ್ಟು ಹೆಂಗಸರು ಕಬ್ಬಿಣದ ಹಲ್ಲಿನ ಉದ್ದನೆ ಕೋಲು ಹಿಡಿದು ಅದನ್ನು ಎಳೆಯಬೇಕು, ಬಾಚಬೇಕು, ಕೈಗಾಡಿಗೆ ತುಂಬಬೇಕು. ಒದ್ದೆ ಪಾಚಿ ಹೆಣಭಾರ. ಮರಳಿನಲ್ಲಿ ಗಾಡಿಯ ಚಕ್ರ ಹೂತುಕೊಳ್ಳುತ್ತದೆ. ಸೊಂಟ ಮುರಿದು ನೂಕಿ ಗೋಡೆಯಾಚೆ ನಮ್ಮ ಕೇರಿಯ ಹಿಂದಿನ ಹಳ್ಳಕ್ಕೆ ಸುರಿಯಬೇಕು. ಮರಳು ಅವರಿಗೆ, ನಾತ ನಮಗೆ. ನಮ್ಮ ಕಾಲ್ಬೆರಳ ಸಂದು ಎಂದೂ ಒಣಗುವುದಿಲ್ಲ. ಮೊಣಕೈವರೆಗೆ ಕಜ್ಜಿ.

ಇಷ್ಟಾದ ಮೇಲೆ ಕೊನೆಯ ಕೆಲಸವೊಂದಿದೆ. ಹಿಮ್ಮುಖವಾಗಿ ನಡೆಯುತ್ತ ನಮ್ಮ ಹೆಜ್ಜೆ ಗುರುತುಗಳನ್ನೂ ಬಾಚಿ ಅಳಿಸಬೇಕು. ಯಾರೂ ತುಳಿಯದ ಮರಳಿನ ಮೇಲೆ ಮೊದಲ ಹೆಜ್ಜೆ ನಿಮ್ಮದೇ ಎಂದು ಹೋಟೆಲಿನವರು ಜಾಹೀರಾತಿನಲ್ಲಿ ಮಾತು ಕೊಟ್ಟಿದ್ದಾರೆ. ಆ ಮಾತನ್ನು ಉಳಿಸುವುದು ನಮ್ಮ ಹಣೆಬರಹ.

ಜಮೈಕಾದ ನಮ್ಮ ಪಿಮೆಂಟೊ ಬೇ ಊರಿಗೆ ಬಂದವರು ನೋಡತಕ್ಕದ್ದು ಬಹಳ ಇದೆ. ಜಲಪಾತವನ್ನು ಕೈ ಕೈ ಹಿಡಿದು ಸಾಲಾಗಿ ಹತ್ತಬಹುದು. ಡಾಲ್ಫಿನ್ನಿಗೆ ಮುತ್ತು ಕೊಡಬಹುದು. ಪಾಪ, ಡಾಲ್ಫಿನ್ನನ್ನು ಯಾರೂ ಕೇಳುವುದಿಲ್ಲ. ವಿಮಾನ ನಿಲ್ದಾಣದಿಂದ ಬರುವ ರಸ್ತೆಯಲ್ಲಿ ನಮ್ಮ ತಗಡಿನ ಬೇಲಿಗಳಿಗೆ ಹಳದಿ, ನೀಲಿ, ಗುಲಾಬಿ ಬಣ್ಣ ಹೊಡೆಸಿದ್ದಾರೆ. ರಸ್ತೆಯ ಕಡೆಗೆ ಮಾತ್ರ. ನಮ್ಮ ಕಡೆಗೆ ತುಕ್ಕು ಹಾಗೆಯೇ ಇದೆ. ಹೋಟೆಲಿನ ಕಾಂಪೌಂಡಿನೊಳಗೇ ಒಂದು 'ಹಳ್ಳಿ'ಯನ್ನೂ ಕಟ್ಟಿದ್ದಾರೆ. ನನ್ನ ಜೊತೆ ಪಾಚಿ ಬಾಚುವ ವರ್ನಿಸ್ ಮಧ್ಯಾಹ್ನ ಚೌಕಳಿ ಲಂಗ ತೊಟ್ಟು ಅಲ್ಲಿ ಅಜ್ಜಿಯಾಗಿ ಕೂರುತ್ತಾಳೆ, ತೆಂಗಿನಕಾಯಿ ತುರಿಯುತ್ತಾಳೆ. ತುರಿದದ್ದನ್ನೇ ಮಾರನೆಯ ದಿನ ಮತ್ತೆ ತುರಿದಂತೆ ಮಾಡುತ್ತಾಳೆ.

"ನಾನು ನಿಜವಾದ ಅಜ್ಜಿ ಕಣೇ ಐಸಿ," ಎಂದು ಅವಳು ಒಮ್ಮೆ ಹೇಳಿದ್ದಳು. "ಆದ್ರೂ ಅಜ್ಜಿ ಥರ ನಗೋದು ಹೆಂಗೆ ಅಂತ ನಂಗೆ ಮೂರು ದಿನ ಟ್ರೇನಿಂಗ್ ಕೊಟ್ರು."

ನನ್ನ ಹೆಸರು ಐಸಿಲ್ಡಾ. ಊರಿಗೆಲ್ಲ ಮಿಸ್ ಐಸಿ. ಹೋಟೆಲಿನ ಹುಲ್ಲುಹಾಸಿನ ತುದಿಯಲ್ಲಿ, ಕಡಲಿಗೆ ಮುಖ ಮಾಡಿ ನಿಂತ ತೆಂಗಿನ ಮರಗಳಲ್ಲಿ ಒಂದು ನನ್ನದು. ಬಾಯಿಮಾತಿಗೆ ಹೇಳುತ್ತಿಲ್ಲ. ನಮ್ಮಲ್ಲಿ ಮಗುವಿನ ಹೊಕ್ಕುಳಬಳ್ಳಿ ಒಣಗಿ ಉದುರಿದರೆ ಎಸೆಯುವುದಿಲ್ಲ. ಮನೆಯ ನೆಲದಲ್ಲಿ ಹೂತು ಮೇಲೊಂದು ತೆಂಗಿನ ಸಸಿ ಇಡುತ್ತೇವೆ. ಆ ಮರ ಆ ಮಗುವಿನದು. ಜಗಳದಲ್ಲಿ ಯಾರಾದರೂ "ನೀನ್ಯಾವೂರೋಳು" ಎಂದು ಕೆಣಕಿದರೆ "ನನ್ನ ಹೊಕ್ಕುಳಬಳ್ಳಿ ಇಲ್ಲೈತೆ" ಎಂದು ಕಾಲು ಊರಿ ನಿಂತರೆ ಸಾಕು. ಎದುರಿನವನ ಬಾಯಿ ಬಂದ್.

ಆ ನೆಲ ನಮ್ಮಜ್ಜಿಯದು. ಅಜ್ಜಿ ಸತ್ತ ಮೇಲೆ ಅಲ್ಲಿ ಹುಟ್ಟಿದ ನಮ್ಮೆಲ್ಲರದು. ಎಲ್ಲರದು ಎಂದರೆ ಕಾಗದದಲ್ಲಿ ಯಾರದೂ ಅಲ್ಲ. ಟೊರಾಂಟೊದಲ್ಲಿದ್ದ ಒಬ್ಬ ದಾಯಾದಿ, ನಾವು ಮುಖವನ್ನೇ ಕಾಣದವನು, ಹೋಟೆಲಿನವರ ಕ್ರಯಪತ್ರಕ್ಕೆ ಸಹಿ ಹಾಕಿದ. ವಕೀಲರು ಬಂದರು, ಗೋಡೆ ಬಂತು. ನಾವು ಗೋಡೆಯಾಚೆಯ ಬಾಡಿಗೆ ಕೋಣೆಗಳಿಗೆ ಹೋದೆವು. ಅಜ್ಜಿಯನ್ನು ಹೂತ ಜಾಗದ ಮೇಲೆ ಈಗ ಟವೆಲ್ ಕೊಡುವ ಕೌಂಟರ್ ಇದೆ. ಮರಗಳನ್ನು ಮಾತ್ರ ಕಡಿಯಲಿಲ್ಲ. ಫೋಟೋದಲ್ಲಿ ಚೆನ್ನಾಗಿ ಬರುತ್ತವಂತೆ.

ಆಮೇಲೆ ಹೋಟೆಲಿನವರು ಮರಗಳನ್ನು ದತ್ತು ಕೊಡಲು ಶುರುಮಾಡಿದರು. ಡಾಲರ್ ಕೊಟ್ಟ ಅತಿಥಿಯ ಹೆಸರನ್ನು ಹಿತ್ತಾಳೆ ಫಲಕದಲ್ಲಿ ಕೆತ್ತಿ ಮರಕ್ಕೆ ಮೊಳೆ ಹೊಡೆಯುತ್ತಾರೆ. ನನ್ನ ಮರಕ್ಕೆ ಮೊದಲು 'ಟ್ರೇಸಿ ಮತ್ತು ಗ್ರೆಗ್, ಎಂದೆಂದಿಗೂ' ಎಂದು ಬಂತು. ಎಂದೆಂದಿಗೂ ಎಂದರೆ ಒಂದು ವರ್ಷ. ಆಮೇಲೆ ಬಾಡಿಗೆ ಮುಗಿಯುತ್ತದೆ. ಹೀಗೆ ನನ್ನ ಮರಕ್ಕೆ ಒಂದರ ಹಿಂದೊಂದು ನಾಲ್ಕು ಮದುವೆಯಾಯಿತು. ನನಗೆ ಒಂದೂ ಆಗಲಿಲ್ಲ, ಮಗಳೊಬ್ಬಳು ಮಾತ್ರ ಆದಳು.

ಬಾರಿನಲ್ಲಿ ಮದ್ಯ ಸುರಿಯುವ ಗ್ಲೆನ್‌ರಾಯ್ ನನ್ನ ಚಿಕ್ಕಮ್ಮನ ಮಗ. ಅವನ ಮರದ ಮೇಲೆ 'ಬಿಸ್ಕೆಟ್' ಎಂದಷ್ಟೇ ಇದೆ. ಅದು ಯಾರದೋ ನಾಯಿ.

"ನಿಂಗೆ ಜೋಡಿ ಜೋಡಿ ನೆಂಟರಾದ್ರೂ ಸಿಕ್ಕಿದ್ರು ಅಕ್ಕ," ಎಂದು ಅವನು ನಗುತ್ತಾನೆ. "ನನ್ನ ನೋಡು, ನಾಯಿಪಾಡು." ನಗುವಾಗ ಅವನ ಕಣ್ಣು ನಗುವುದಿಲ್ಲ.

ನನ್ನ ಮಗಳು ಕೆರಿಯಾನ್ ಆ ಹೋಟೆಲಿನಲ್ಲಿ ಹಾಸಿಗೆ ಹಾಸುತ್ತಾಳೆ, ಟವೆಲನ್ನು ಹಂಸದಂತೆ ಮಡಚಿಡುತ್ತಾಳೆ. ಅವಳಿಗೆ ಹೆಣ್ಣುಮಗುವಾಯಿತು. ಹೊಕ್ಕುಳಬಳ್ಳಿ ಉದುರಿತು. ಕೆರಿಯಾನ್ ಅದನ್ನು ಹತ್ತಿಯಲ್ಲಿ ಸುತ್ತಿ ಬೆಂಕಿಪೊಟ್ಟಣದಲ್ಲಿಟ್ಟಳು.

"ಸದ್ಯಕ್ಕೆ ಇದ್ರಲ್ಲೇ ಇರ್ಲಿ ಮಮ್ಮಾ," ಎಂದಳು. "ಈ ಅಂಗಳ ನೋಡಿದ್ರೆ ಸಿಮೆಂಟು. ಮನೆ ಓನರ್ ಹೂಳೋಕೆ ಬಿಡಲ್ಲ. ಮುಂದೆ ನೋಡಿದ್ರಾಯ್ತು."

"ಮುಂದೆ ಮಗು ದೊಡ್ಡದಾಗಿ ನಾನು ಎಲ್ಲಿಯವಳು ಅಂತ ಕೇಳಿದ್ರೆ ಏನಂತೀಯ? ಬೆಂಕಿಪೊಟ್ಟಣದವಳು ಅಂತೀಯಾ?"

ಅವಳು ಮಗುವಿಗೆ ಹಾಲು ಕೊಡುತ್ತ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಕಣ್ಣೊರೆಸಿಕೊಂಡಳು. ನಮ್ಮಜ್ಜಿಗೆ ಇದ್ದದ್ದು ಒಂದು ತುಂಡು ನೆಲ. ಅದರಲ್ಲಿ ಒಂದು ಗೇಣು ಅವಳ ಮರಿಮಗಳ ಮಗಳಿಗೆ ಇಲ್ಲ. ನಾನು ಹೋಗಿ ಕೇಳುತ್ತೇನೆ ಎಂದೆ.

ಹೋಟೆಲಿನಲ್ಲಿ ಇಂಥದ್ದನ್ನೆಲ್ಲ ನೋಡಿಕೊಳ್ಳುವವರು ಮಿಸ್ ಟುಲಕ್. ನಮ್ಮವರೇ, ರಾಜಧಾನಿ ಕಿಂಗ್‌ಸ್ಟನ್ನಿನವರು. ಆದರೆ ಅವರ ನಾಲಿಗೆ ಬಹಳ ದೇಶ ತಿರುಗಿದೆ. ಜಮೈಕಾಕ್ಕೆ ವಾಪಸು ಬರುವುದನ್ನು ಮರೆತಿದೆ. ಅವರ ಕೋಣೆಯ ಬಾಗಿಲಲ್ಲಿ ಒಬ್ಬ ಓಡಿಬಂದು ನನ್ನ ಕಾಲ ಕೆಳಗೆ ಪ್ಲಾಸ್ಟಿಕ್ ಚೀಲ ಹಾಸಿದ. ಕಾರ್ಪೆಟ್ಟಿಗೆ ಪಾಚಿ ನೀರು ತಾಗಬಾರದಲ್ಲ. ನಾನು ಆ ಚೀಲದ ಮೇಲೆ ಕೋಳಿಯ ಹಾಗೆ ನಿಂತು ಮಾತಾಡಿದೆ.

"ಒಂದು ಗುಂಡಿ ಮೇಡಂ. ಇಷ್ಟೇ ಇಷ್ಟು. ನಾನೇ ತೋಡಿ ನಾನೇ ಮುಚ್ತೀನಿ. ಮೇಲೊಂದು ಸಸಿ."

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ನಿಂತು ಎರಡೂ ಕೈ ಕೆನ್ನೆಗೆ ಇಟ್ಟುಕೊಂಡರು.

"ಹೊಕ್ಕುಳಬಳ್ಳಿನಾ? ಎಷ್ಟು ಸುಂದರವಾಗಿದೆ! ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀವು? ಶುಕ್ರವಾರ ಮಧ್ಯಾಹ್ನ ಊಟ ಆದ್ಮೇಲೆ ಇಟ್ಕೊಳ್ಳೋಣ. ಡ್ರಮ್ ಇರ್ಲಿ. ಮಗುಗೆ ಬಿಳೀ ಬಟ್ಟೆ. ಚೆನ್ನಾಗಿ ನಡೆದ್ರೆ ಪ್ರತಿ ವಾರ ಮಾಡಬಹುದು."

"ಪ್ರತಿ ವಾರ ಹೆಂಗೆ ಮೇಡಂ? ಒಂದು ಮಗುಗೆ ಇರೋದು ಒಂದೇ ಬಳ್ಳಿ."

"ಅಯ್ಯೋ, ಯಾರಿಗೆ ಗೊತ್ತಾಗುತ್ತೆ? ಅಡುಗೆಮನೆಯಲ್ಲಿ ಒಣಗಿದ ಮೀನಿನ ಚೂರು ಏನಾದ್ರೂ ಸಿಗುತ್ತೆ."

ನನಗೆ ಉಗಿಯಬೇಕು ಅನ್ನಿಸಿತು. ಕಾರ್ಪೆಟ್ ಇತ್ತು. ನುಂಗಿಕೊಂಡೆ. ಸಸಿಯ ವಿಚಾರದಲ್ಲಿ ಅವರದೊಂದು ಷರತ್ತು. ತೆಂಗು ಬೇಡ, ಕಾಯಿ ಅತಿಥಿಯ ತಲೆ ಮೇಲೆ ಬಿದ್ದರೆ ಕೇಸು. ಕಾಯಿ ಬಿಡದ, ನೋಡಲಷ್ಟೇ ಚೆಂದದ ಒಂದು ಜಾತಿ ಅವರ ನರ್ಸರಿಯಲ್ಲಿದೆ, ಅದನ್ನೇ ನೆಡಬೇಕು.

ಮಾರನೆಯ ಮುಂಜಾನೆ ಪಾಚಿ ಎಳೆಯುತ್ತ ವರ್ನಿಸ್‌ಗೆ ಎಲ್ಲ ಹೇಳಿದೆ. ಅವಳು ಕೋಲು ಊರಿ ನಿಂತಳು.

"ಹೋಗ್ಲಿ ಒಪ್ಕೊಂಬಿಡೇ," ಎಂದಳು. "ಕುಣಿಸಿದ್ರೆ ಕುಣಿ. ನೆಲ ಸಿಗುತ್ತಲ್ಲ. ನಾನು ದಿನಾ ಅಜ್ಜಿ ಆಟ ಆಡಲ್ವಾ? ಒಂದು ದಿನ ನೀನೂ ಆಡು."

ಅವಳ ಮಾತು ಸುಳ್ಳಲ್ಲ. ನೆಲ ಬೇಕಿತ್ತು. ಒಪ್ಪಿಕೊಂಡೆ.

ಶುಕ್ರವಾರ ಬಂತು. ನನಗೆ ಚೌಕಳಿ ಲಂಗ, ತಲೆಗೆ ಅದೇ ಬಟ್ಟೆ. ನಮ್ಮ ಮನೆಯಲ್ಲಿ ಅದನ್ನು ಯಾರೂ ಉಡುವುದಿಲ್ಲ, ಶಾಲೆಯ ನಾಟಕಕ್ಕೆ ಬಿಟ್ಟರೆ. ಕೆರಿಯಾನ್ ಬಿಳೀ ಬಟ್ಟೆಯ ಮಗುವನ್ನೆತ್ತಿಕೊಂಡು ಪಕ್ಕದಲ್ಲಿ ನಿಂತಳು. ಬೆಂಕಿಪೊಟ್ಟಣ ನನ್ನ ರವಿಕೆಯೊಳಗಿತ್ತು. ಅತಿಥಿಗಳು ಈಜುಡುಗೆಯಲ್ಲೇ ಬಂದು ಕುರ್ಚಿಗಳ ಮೇಲೆ ಒರಗಿದರು. ಬಿಸಿಲಿಗೆ ಬೆಂದು ಕೆಂಪಗಾದ ಮೈಗಳು, ಕೈಯಲ್ಲಿ ಛತ್ರಿ ಸಿಕ್ಕಿಸಿದ ಲೋಟಗಳು. ಡ್ರಮ್ಮಿನವನು ಬಡಿದ. ಮೈಕಿನವನು ನಮ್ಮನ್ನು "ಈ ದ್ವೀಪದ ರಹಸ್ಯ ಜನ" ಎಂದು ಕರೆದ. ಅವನು ನಮ್ಮ ಪಕ್ಕದ ಬೀದಿಯವನು.

"ಅದು ಒರಿಜಿನಲ್ಲಾ?" ಎಂದು ಒಬ್ಬ ಕೇಳಿದ.

"ಸ್ವಲ್ಪ ಎತ್ತಿ ಹಿಡೀರಿ, ಹಿಂದಿನವರಿಗೆ ಕಾಣ್ತಿಲ್ಲ," ಎಂದಳು ಒಬ್ಬಳು.

ನಾನು ಪೊಟ್ಟಣ ತೆಗೆದು ಹಿಡಿದೆ. ನನ್ನ ಮೊಮ್ಮಗಳ ಮೈಯ ಚೂರು. ಫೋನುಗಳು ಮೇಲೆದ್ದವು. ನೆಲ ಸಿಗುತ್ತೆ, ನೆಲ ಸಿಗುತ್ತೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಗುಂಡಿ ಮೊದಲೇ ತೋಡಿಟ್ಟಿದ್ದರು. ಪಕ್ಕದಲ್ಲಿ ಆ ಬಂಜೆ ಸಸಿ. ಅದರ ಕೊರಳಿಗೆ ರಿಬ್ಬನ್, ರಿಬ್ಬನ್ನಿಗೆ ಫಲಕ. ಬಗ್ಗಿ ಓದಿದೆ. 'ಹೆಂಡರ್‌ಸನ್ ಕುಟುಂಬ, ಮದುವೆಯ ಬೆಳ್ಳಿಹಬ್ಬ.'

"ಇದೇನು ಮೇಡಂ?"

ಮಿಸ್ ಟುಲಕ್ ಹಲ್ಲು ಕಾಣುವಂತೆ ನಗುತ್ತಲೇ, ತುಟಿ ಅಲ್ಲಾಡಿಸದೆ ಹೇಳಿದರು. "ಅವರೇ ಇದರ ಖರ್ಚು ಹಾಕಿರೋದು. ಮಗು ಹೆಸರನ್ನ ಫಲಕದ ಹಿಂದುಗಡೆ ಬರೆಸೋಣ, ಚಿಕ್ಕದಾಗಿ. ಈಗ ಆ ಪೊಟ್ಟಣ ಮಿಸೆಸ್ ಹೆಂಡರ್‌ಸನ್ ಕೈಗೆ ಕೊಡಿ. ಗುಂಡಿಗೆ ಹಾಕೋದು ಅವರೇ. ನೀವು ಪಕ್ಕದಲ್ಲಿ ನಗ್ತಾ ನಿಂತ್ಕೊಳ್ಳಿ, ಸಾಕು."

ಮಿಸೆಸ್ ಹೆಂಡರ್‌ಸನ್ ಮುಂದೆ ಬಂದಳು. ಕೆಟ್ಟ ಹೆಂಗಸಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡಿದ್ದಳು. ಎರಡೂ ಅಂಗೈ ಜೋಡಿಸಿ ನನ್ನ ಮುಂದೆ ಚಾಚಿದಳು, ಚರ್ಚಿನಲ್ಲಿ ಪ್ರಸಾದಕ್ಕೆ ಚಾಚುವಂತೆ.

ನಾನು ಪೊಟ್ಟಣವನ್ನು ಮತ್ತೆ ರವಿಕೆಯೊಳಗೆ ಇಟ್ಟುಕೊಂಡೆ.

"ಇಲ್ಲ," ಎಂದೆ.

ಮೈಕು ಹತ್ತಿರವೇ ಇತ್ತು. ನನ್ನ 'ಇಲ್ಲ' ಈಜುಕೊಳದವರೆಗೂ ಕೇಳಿಸಿತು. ಆಮೇಲೆ ಅತಿಥಿಗಳು ಚಪ್ಪಾಳೆ ತಟ್ಟಿದರು. ಆಟದ ಭಾಗ ಎಂದುಕೊಂಡರು.

ಆ ಚಪ್ಪಾಳೆ ಕೇಳಿ ನನ್ನೊಳಗೆ ಏನೋ ಕಿತ್ತುಕೊಂಡು ಬಂತು. ಮೈಕಿನವನ ಕೈಯಿಂದ ಮೈಕು ಕಸಿದೆ. ಅವನು ಸುಲಭವಾಗಿಯೇ ಬಿಟ್ಟುಕೊಟ್ಟ.

"ಅಲ್ಲಿ ನೋಡಿ," ಎಂದೆ. "ಆ ಮೂರನೇ ಮರ. ಅದು ಯಾವ ಗ್ರೆಗ್ಗಂದೂ ಅಲ್ಲ. ಅದು ನಂದು. ನಮ್ಮವ್ವ ನನ್ನ ಹೆತ್ತಾಗ ನೆಟ್ಟಿದ್ದು. ಆ ಬಾಗಿದ ಮರ ಬಿಸ್ಕೆಟ್ಟಂದಲ್ಲ, ಗ್ಲೆನ್‌ರಾಯಂದು. ನಿಮಗೆ ಲೋಟ ತುಂಬಿಸ್ತಾನಲ್ಲ, ಅವ್ನು. ಅದರ ಪಕ್ಕದ್ದು ನಿಮ್ಮ ಚಡ್ಡಿ ಒಗೆಯೋ ಮಾವಿಸ್‌ದು. ಆ ಕಡೆ ಉದ್ದಕ್ಕಿರೋದು ಆಮ್ಲೆಟ್ ಹಾಕೋ ಎವರ್ಟನ್‌ದು. ತುದೀದು ವರ್ನಿಸ್‌ದು. ನಮ್ಮ ಕರುಳು ಹೂತಿರೋ ಜಾಗದ ಮೇಲೆ ನೀವು ಬೆನ್ನಿಗೆ ಎಣ್ಣೆ ಹಚ್ಕೊಂಡು ಮಲಗಿದೀರ. ಮಲಗಿ. ಆದ್ರೆ ಈ ಮಗುದು ಕೇಳಬೇಡಿ. ಇದನ್ನ ಮಾರಲ್ಲ."

ಮತ್ತೆ ಚಪ್ಪಾಳೆ. ಒಬ್ಬ ಶಿಳ್ಳೆ ಹೊಡೆದ. ಮಿಸ್ ಟುಲಕ್ ನಗುತ್ತಲೇ ಇದ್ದರು. ಕುತ್ತಿಗೆಯ ನರ ಮಾತ್ರ ಉಬ್ಬಿತ್ತು.

ಆಗ ಗ್ಲೆನ್‌ರಾಯ್ ಬಾರಿನಿಂದ ಹೊರಬಂದ. ಕೈಯಲ್ಲಿದ್ದ ಬಟ್ಟೆಯನ್ನು ಕೌಂಟರಿನ ಮೇಲೆ ಇಟ್ಟ. ಯಾರ ಮುಖವನ್ನೂ ನೋಡದೆ ಹುಲ್ಲುಹಾಸು ದಾಟಿ ತನ್ನ ಮರದ ಬುಡಕ್ಕೆ ಹೋಗಿ ನಿಂತ. ಅವನನ್ನು ಯಾರೂ ಕರೆದಿರಲಿಲ್ಲ. ಬಟ್ಟೆ ಒಗೆಯುವ ಕೋಣೆಯಿಂದ ಮಾವಿಸ್ ಒದ್ದೆ ಕೈಯಲ್ಲೇ ಬಂದಳು. ಎವರ್ಟನ್ ಬಿಳೀ ಟೋಪಿಯನ್ನು ತೆಗೆದು ಕಂಕುಳಲ್ಲಿಟ್ಟುಕೊಂಡು ಬಂದ. 'ಹಳ್ಳಿ'ಯ ಅಜ್ಜಿ ವರ್ನಿಸ್ ತುರಿಮಣೆ ಬಿಟ್ಟು ಬಂದಳು. ಟ್ರೇ ಹಿಡಿದವರು ಟ್ರೇಯನ್ನು ಹುಲ್ಲಿನ ಮೇಲಿಟ್ಟು ಬಂದರು. ಒಬ್ಬೊಬ್ಬರಾಗಿ ತಂತಮ್ಮ ಮರದ ಬಳಿ ನಿಂತರು. ಮರವಿಲ್ಲದವರು, ಬೇರೆ ಊರಿನಿಂದ ಕೆಲಸಕ್ಕೆ ಬಂದವರು, ಸುಮ್ಮನೆ ಪಕ್ಕದಲ್ಲಿ ನಿಂತರು.

ನಾನು ಮಗಳ ಕೈ ಹಿಡಿದು ನಡೆದೆ.

ಗ್ಲೆನ್‌ರಾಯ್ ನನ್ನನ್ನು ನೋಡಿದ. ಆಮೇಲೆ ತನ್ನ ಮರದ ಬುಡದಲ್ಲಿ ಮಂಡಿಯೂರಿ ಬರಿಗೈಯಲ್ಲಿ ಮಣ್ಣು ತೋಡತೊಡಗಿದ. ಅವನು ಯಾಕೆ ಹಾಗೆ ಮಾಡಿದ ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ವರ್ನಿಸ್‌ಗೆ ಹೊಳೆಯಿತು. ಅವಳೂ ಕೂತಳು. ಮಾವಿಸ್ ಕೂತಳು. ಎವರ್ಟನ್ ಕೂತ. ಸಾಲಿನುದ್ದಕ್ಕೂ ಎಲ್ಲರೂ ಅತಿಥಿಗಳಿಗೆ ಬೆನ್ನು ಹಾಕಿ, ಬಗ್ಗಿ, ಮಣ್ಣು ತೋಡಿದರು, ಮುಚ್ಚಿದರು, ಅಂಗೈಯಿಂದ ತಟ್ಟಿದರು. ನಾವಿಬ್ಬರು ಒಂದು ಮರದಿಂದ ಇನ್ನೊಂದಕ್ಕೆ ಹೋದೆವು. ಪ್ರತಿ ಮರದ ಬಳಿಯೂ ಕೂತೆವು. ಒಂದು ಮರದ ಬುಡದಲ್ಲಿ ನನ್ನ ಮೊಮ್ಮಗಳ ಹೊಕ್ಕುಳಬಳ್ಳಿ ಮಣ್ಣು ಸೇರಿತು. ಅದು ಯಾವ ಮರ ಎಂದು ನಿಮಗೂ ಹೇಳುವುದಿಲ್ಲ.

ಅತಿಥಿಗಳು ವಿಡಿಯೋ ಮಾಡಿದರು. ಅವರಿಗೆ ಕಂಡದ್ದು ಸಮವಸ್ತ್ರದ ಬೆನ್ನುಗಳು, ಯಾವ ಗುಂಡಿಗೆ ಏನು ಬಿತ್ತು ಎಂದಲ್ಲ.

ಮುಗಿಯಿತು, ಇನ್ನು ಏಳುತ್ತೇವೆ ಎಂದು ಅವರು ಕಾದರು. ನಾವು ಏಳಲಿಲ್ಲ. ಮರಕ್ಕೆ ಒರಗಿ ಕೂತೆವು, ಕಡಲ ಕಡೆ ಮುಖ ಮಾಡಿ. ಇಷ್ಟು ವರ್ಷದಲ್ಲಿ ಆ ನೆಲದ ಮೇಲೆ ಕುಂಡೆಯೂರಿ ಕೂತದ್ದು ಅದೇ ಮೊದಲು. ಗಾಳಿ ಚೆನ್ನಾಗಿತ್ತು. ಅತಿಥಿಗಳ ಲೋಟಗಳು ಖಾಲಿಯಾದವು. ಒಬ್ಬ "ಐಸ್!" ಎಂದು ಕೂಗಿದ. ಮತ್ತೆ ಕೂಗಿದ. ತಾನೇ ಬಾರಿನೊಳಗೆ ಹೋಗಿ ಎಲ್ಲವನ್ನೂ ತೆಗೆದು ಮುಚ್ಚಿ ಮಾಡಿದ. ಐಸ್ ಎಲ್ಲಿಂದ ಬರುತ್ತದೆ ಎಂದು ಅವನು ಜನ್ಮದಲ್ಲಿ ಯೋಚಿಸಿದವನಲ್ಲ. "ಈ ಆಟ ಎಷ್ಟು ಹೊತ್ತು?" ಎಂದು ಒಬ್ಬಳು ಸಿಡುಕಿದಳು. ಮಿಸೆಸ್ ಹೆಂಡರ್‌ಸನ್ ಒಬ್ಬಳು ಮಾತ್ರ ತನ್ನ ಖಾಲಿ ಅಂಗೈ ನೋಡಿಕೊಂಡು ಬಹಳ ಹೊತ್ತು ನಿಂತಿದ್ದಳು. ಅವಳಿಗೆ ಅಷ್ಟಿಷ್ಟು ಅರ್ಥವಾಗಿರಬೇಕು. ಉಳಿದವರು ಗೊಣಗುತ್ತ ಎದ್ದು ಹೋದರು. ಬಾಯಾರಿದವರಿಗೆ ಸಂಸ್ಕೃತಿ ರುಚಿಸುವುದಿಲ್ಲ.

ಸಂಜೆ ನನ್ನನ್ನು ಕೆಲಸದಿಂದ ತೆಗೆದರು. ಕೆರಿಯಾನಳನ್ನೂ ತೆಗೆದರು. ಉಳಿದವರನ್ನೂ ತೆಗೆಯಬೇಕೆಂದಿದ್ದರು, ಆದರೆ ರಾತ್ರಿ ಊಟ ಬಡಿಸುವವರು ಯಾರು? ಹಸಿವು ಅವರ ಸಿಟ್ಟನ್ನು ಗೆದ್ದಿತು.

ವಾರ ಕಳೆದ ಮೇಲೆ ನಮ್ಮ ಬಾಗಿಲಲ್ಲಿ ಕಾರು ನಿಂತಿತು. ಮಿಸ್ ಟುಲಕ್ ಇಳಿದರು. ಹಳ್ಳದ ಪಾಚಿಯ ನಾತಕ್ಕೆ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಕೂರಲು ಹೇಳಿದೆ. ಅವರ ಕಾಲ ಕೆಳಗೆ ಏನನ್ನೂ ಹಾಸಲಿಲ್ಲ. ಅವರು ನಿಂತೇ ಮಾತಾಡಿದರು.

"ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ ಮಿಸ್ ಐಸಿ. ಆ ವಿಡಿಯೋ ಎಲ್ಲಾ ಕಡೆ ಓಡ್ತಿದೆ. ಜನ ಫೋನ್ ಮಾಡಿ ಕೇಳ್ತಿದಾರೆ, ಆ ಕಾರ್ಯಕ್ರಮ ಯಾವ ದಿನ ಅಂತ. ನೀವಿಬ್ಬರೂ ವಾಪಸ್ ಬನ್ನಿ. ಪಾಚಿ ಕೆಲಸ ಬೇಡ. ಶುಕ್ರವಾರ ಮಾತ್ರ. ಅದೇ ಮಾತು, ಅದೇ ಥರ ಮೈಕ್ ಕಿತ್ಕೊಳ್ಳೋದು, ಅದೇ 'ಇಲ್ಲ'. ಆಮೇಲೆ ಎಲ್ಲರೂ ಮಣ್ಣು ತೋಡೋದು."

"ನನ್ನ 'ಇಲ್ಲ'ನೂ ಬೇಕಾ ನಿಮಗೆ?" ಎಂದೆ.

"ಅದೇ ಮುಖ್ಯ," ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ನಾನು ನಕ್ಕೆ. ಹೊಟ್ಟೆ ಹಿಡಿದು ನಕ್ಕೆ. ಕೆರಿಯಾನ್ ಒಳಗಿನಿಂದ ಮಗು ಎತ್ತಿಕೊಂಡು ಬಂದಳು, ಅಮ್ಮನಿಗೆ ಏನಾಯಿತೋ ಎಂದು.

ಮಿಸ್ ಟುಲಕ್ ಅವಳ ಕಡೆ ತಿರುಗಿದರು. ದನಿ ಮೆತ್ತಗಾಯಿತು. "ನೋಡಮ್ಮ, ನಿನ್ನ ಮಗಳ ಹೆಸರಲ್ಲೇ ಫಲಕ ಹಾಕ್ತೀವಿ. ಹೆಂಡರ್‌ಸನ್ ಬೇಡ, ಯಾರೂ ಬೇಡ. ಪುಕ್ಕಟೆ. ಎಂದೆಂದಿಗೂ. ಅದು ಯಾವ ಮರ ಅಂತ ಮಾತ್ರ ಹೇಳು. ಬಂದವರಿಗೆ ತೋರಿಸೋಕೆ ಒಂದು ಮರ ಬೇಕು."

ಕೆರಿಯಾನ್ ನನ್ನ ಮುಖ ನೋಡಿದಳು. ಅವಳಿಗೆ ಕೆಲಸವಿಲ್ಲ. ಮಗುವಿನ ಹಾಲುಪುಡಿ ಡಬ್ಬಿ ತಳ ಕಂಡಿದೆ. ಅವಳು ಹೇಳಿಬಿಟ್ಟರೆ ನಾನು ಬೈಯುತ್ತಿರಲಿಲ್ಲ. ಅವಳು ಮಗುವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿದಳು.

"ನಂಗ್ಯಾಕೆ ಕೇಳ್ತೀರ ಮೇಡಂ?" ಎಂದಳು. "ಸನಿಕೆ ತಗೊಳ್ಳಿ, ಅಗೀರಿ. ಯಾವ ಮರದ ಬುಡ ಅಗೆದ್ರೂ ನಮ್ಮೋರೇ ಸಿಗ್ತಾರೆ."